ಮಾಳಿಂಗಪ್ಪನವರ ಲೇಖನಕ್ಕೆ ತಡವಾದ ಸಾಕ್ಷಿ

ನಮ್ಮ ನಡುನಾಡು ಸಂಶೋಧನ ಮಂಡಳಿಯ ಅಧ್ಯಕ್ಷರೂ ಈ ಸಭೆಯ ಅಧ್ಯಕ್ಷರೂ ಆಗಿರುವ ವಕೀಲ ಸಿದ್ದರಾಮಪ್ಪನವರೇ, ಪುಸ್ತಕ ಬಿಡುಗಡೆ ಮಾಡಲು ರಾಯಚೂರಿನ ಈ ಬಿಸಿಲಿಗೆ ರೈಲು ಇಳಿದು ಬಂದಿರುವ ಮುಖ್ಯ ಅತಿಥಿಗಳೇ, ಕಾರ್ಯದರ್ಶಿಗಳೇ, ಸಂಪಾದಕರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ದಿವಂಗತ ಪ್ರಾಣೇಶರಾಯರ ಮನೆಯವರೇ, ಎಷ್ಟು ಕರೆದರೂ ಒಳಗೆ ಬಾರದೆ ಬಾಗಿಲ ಹತ್ತಿರವೇ ನಿಂತಿರುವ ಮುದ್ರಣಾಲಯದ ಸತ್ತಾರ್ ಸಾಬರೇ, ಮತ್ತು ಪಂಖದ ಕಡೆಗೆ ಕುರ್ಚಿ ಸರಿಸಿಕೊಂಡಿರುವ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಹಾರ ಹಾಕಿದ್ದೀರಿ. ಇಪ್ಪತ್ಮೂರು ವರ್ಷ ಈ ಮಂಡಳಿಯ ಗುಮಾಸ್ತನಾಗಿದ್ದವನು ನಾನು. ಇಷ್ಟು ವರ್ಷ ಇಂಥ ಸಭೆಗಳಲ್ಲಿ ಹಾರ ತರುವುದು, ಮೈಕಿನವನನ್ನು ಕರೆತರುವುದು, ಅತಿಥಿಗಳ ಹೆಸರಿನ ಹಿಂದೆ ಡಾಕ್ಟರ್ ಇದೆಯೋ ಇಲ್ಲವೋ ಕೇಳಿ ಬರುವುದು ನನ್ನ ಕೆಲಸವಾಗಿತ್ತು. ಹಾರ ಕೊರಳಿಗೆ ಬಿದ್ದಾಗ ಅದು ಇಷ್ಟು ತಣ್ಣಗಿರುತ್ತದೆಂದು ಇವತ್ತೇ ಗೊತ್ತಾಯಿತು.

ನಾನು ಓದಿದ್ದು ಏಳನೆಯ ಇಯತ್ತೆ. ಭಾಷಣ ಮಾಡಿದವನಲ್ಲ. ಬರೆದುಕೊಂಡು ಬಂದಿದ್ದೇನೆ, ಅದನ್ನೇ ಓದುತ್ತೇನೆ. ಬರೆಯುವ ರೂಢಿ ಇದೆ. ಬೀಜದ ಕಂಪನಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಯಲ್ಲಿ ದಿನಕ್ಕೆ ಮೂರು ಸಾಲು ಬರೆಯುತ್ತೇನೆ. ಎಲ್ಲಿ ಹೋದೆ, ಯಾರು ಬಂದರು, ಮನೆಯಲ್ಲಿ ಏನು ಅಡಿಗೆ. ಹೋದ ಆಷಾಢದಿಂದ ಅಡಿಗೆಯ ಸಾಲು ಇಲ್ಲ. ನನ್ನ ಹೆಂಡತಿ ಜಾನಕಿಬಾಯಿ ಹೋದದ್ದು ಆಷಾಢದಲ್ಲಿ.

ಕಾರ್ಯದರ್ಶಿಗಳು ನನ್ನ ಬಗ್ಗೆ ಮಾತಾಡುತ್ತ, ಶೇಷಗಿರಿ ಇಪ್ಪತ್ಮೂರು ವರ್ಷದಲ್ಲಿ ಒಂದು ಕಾಗದವನ್ನೂ ಕಳೆಯಲಿಲ್ಲ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಿಜ, ನಾನು ಯಾವ ಕಾಗದವನ್ನೂ ಕಳೆಯಲಿಲ್ಲ. ಕಳೆದದ್ದು ಬೇರೆ. ಅದನ್ನು ಹೇಳುವುದಕ್ಕೇ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಎರಡು ಮಾತನ್ನು ಪುಸ್ತಕ ಬಿಡುಗಡೆಗಿಂತ ಮೊದಲು ಇಟ್ಟಿದ್ದೇನೆ. ಪಟ್ಟಿ ಬರೆದವನು ನಾನೇ. ಇಪ್ಪತ್ಮೂರು ವರ್ಷದಲ್ಲಿ ನಾನು ಚಲಾಯಿಸಿದ ಅಧಿಕಾರ ಅದೊಂದೇ ಎಂದು ನೀವು ತಿಳಿದಿದ್ದರೆ, ಸ್ವಲ್ಪ ಕಾಯಿರಿ.

ಇಲ್ಲಿರುವ ಅನೇಕರಿಗೆ ನಮ್ಮ ಕಚೇರಿ ಗೊತ್ತು. ತೀನ್ ಕಂದೀಲ್ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಒಂದೇ ಕೋಣೆ. ಮೂರು ತಿಂಗಳಿಗೊಮ್ಮೆ ನಮ್ಮ ಪತ್ರಿಕೆ ಅಲ್ಲಿಂದ ಹೊರಡುತ್ತದೆ. ಲೇಖನ ಬಂದರೆ ಅದರ ಮೇಲೆ ಅಭಿಪ್ರಾಯ ಬೇಕು. ಅಭಿಪ್ರಾಯ ಕೊಡುವವರು ಮಾನವಿಯ ಪ್ರಾಣೇಶರಾಯರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾಗಿ, ಪೋತ್ನಾಳದ ಗದ್ದೆ ನೋಡಿಕೊಂಡು ಮಾನವಿಯಲ್ಲಿದ್ದರು. ಅವರು ಒಪ್ಪಿದರೆ ಅಚ್ಚು, ಒಪ್ಪದಿದ್ದರೆ ವಾಪಸು. ಅದು ನಮ್ಮ ಪದ್ಧತಿ.

ನಮ್ಮ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನನ್ನ ತಾಯಿ ಆಗ ಮಾನವಿಯಲ್ಲಿದ್ದಳು, ಪ್ರಾಣೇಶರಾಯರದೇ ಓಣಿ. ಪ್ರತಿ ಶನಿವಾರ ನಾನು ಊರಿಗೆ ಹೋಗುತ್ತಿದ್ದೆ. ಹೋಗುವವನ ಕೈಯಲ್ಲೇ ಕಳಿಸಿದರೆ ಅಂಚೆಚೀಟಿ ಉಳಿಯುತ್ತದಲ್ಲ ಎಂದು ಲೇಖನಗಳನ್ನು ನನ್ನ ಚೀಲದಲ್ಲೇ ಕಳಿಸುತ್ತಿದ್ದರು. ಕಚೇರಿಯಲ್ಲಿ ರವಾನೆ ಪುಸ್ತಕ ಇತ್ತು. ಆದರೆ ಅದು ಇದ್ದದ್ದು ಅಂಚೆಚೀಟಿಯ ಲೆಕ್ಕಕ್ಕೆ. ಚೀಟಿ ಹಚ್ಚಿದ ಕಾಗದ ಅದರಲ್ಲಿ ಏರುತ್ತಿತ್ತು. ಚೀಟಿ ಹಚ್ಚದ್ದು ಏರುತ್ತಿರಲಿಲ್ಲ. ನನ್ನ ಚೀಲದಲ್ಲಿ ಹೋದದ್ದು ಯಾವ ಪುಸ್ತಕದ ಪ್ರಕಾರವೂ ಎಲ್ಲಿಗೂ ಹೋಗಲಿಲ್ಲ.

ಯಾರಾದರೂ ಇದರಿಂದ ಕೆಡುಕಾದೀತೆಂದು ಎಣಿಸಿದ್ದರೇ? ಯಾರೂ ಎಣಿಸಿರಲಿಲ್ಲ. ಎಲ್ಲರೂ ನಮ್ಮವರೇ ಇದ್ದೆವು.

ಸಾವಿರದ ಒಂಬೈನೂರ ಎಪ್ಪತ್ತೈದು, ಫೆಬ್ರುವರಿ. ಅರಕೇರಾದ ಮಾಳಿಂಗಪ್ಪ ಎಂಬ ಪ್ರಾಥಮಿಕ ಶಾಲೆಯ ಮಾಸ್ತರರು ಒಂದು ಲೇಖನ ತಂದರು. ಅಂಚೆಯಲ್ಲಿ ಕಳಿಸಲಿಲ್ಲ, ದೇವದುರ್ಗದಿಂದ ಬಸ್ಸು ಹಿಡಿದು ತಾವೇ ತಂದರು. ಕುರಿಗಾರರ ಮನೆತನ. ಅವರ ಮನೆಯಲ್ಲಿ ಮೊದಲು ಅಕ್ಷರ ಕಲಿತವರು ಅವರೇ. ಬಿಳಿ ಪೈಜಾಮ, ಕೆಂಪು ಮಣ್ಣು ಹತ್ತಿದ ಚಪ್ಪಲಿ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿದ್ದವು. ಲೇಖನದ ಹೆಸರು ‘ಅರಕೇರಾ ಕುರಿಗಾರರ ದಾರಿ ಮತ್ತು ತಂಗುವ ಜಾಗಗಳು’. ಬೇಸಿಗೆ ಬಂತೆಂದರೆ ಅವರ ಮಂದಿ ಕುರಿ ಹೊಡೆದುಕೊಂಡು ಸಿರವಾರದ ಮೇಲೆ ಮಾನವಿಯ ಕಡೆಗೆ, ಹೊಳೆಯ ತನಕ, ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತ ಹೋಗುತ್ತಾರೆ. ಆ ದಾರಿಯಲ್ಲಿ ನಲವತ್ತೊಂದು ತಂಗುದಾಣ. ಒಂದೊಂದಕ್ಕೂ ಹೆಸರು. ಒಂದೊಂದರಲ್ಲೂ ಇರುವ ಕಲ್ಲು, ಬಾವಿ, ಹಳೆಯ ಶಾಸನದ ತುಂಡು. ನಾಲ್ಕು ಬೇಸಿಗೆ ರಜೆ ಅವರು ತಮ್ಮ ತಾಯಿ ಮಾರೆಮ್ಮನ ಹಿಂದೆ ನಡೆದು ಬರೆದುಕೊಂಡಿದ್ದರು. ಶಾಲೆಯ ಹಳೆ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಕಚ್ಚಾ ಬರಹ. ಅದರಿಂದ ಒಂದೇ ಒಂದು ಶುದ್ಧ ಪ್ರತಿ.

“ಕಾರ್ಬನ್ ಇಟ್ಟು ಬರೀಬೇಕಿಲ್ಲರೀ ಮಾಸ್ತರ?” ಅಂದೆ.

“ಇಟ್ಟಿದ್ದೆರಿ ಶೇಷಣ್ಣಾರ. ಮಕ್ಕಳು ಕೈಗೆಲ್ಲ ನೀಲಿ ಮಾಡ್ಕೊಂಡು ಹೆಡ್‌ಮಾಸ್ತರ ಅಂಗಿಗೆ ಒರಸಿದ್ರು. ಅಂದಿನಿಂದ ಬಂದ್” ಎಂದು ನಕ್ಕರು.

ಅವರ ಎದುರಿಗೇ ಆ ಲೇಖನವನ್ನು ನನ್ನ ಚೀಲಕ್ಕೆ ಹಾಕಿದೆ. ನಾಳೆ ಶನಿವಾರ, ಮಾನವಿಗೆ ಒಯ್ಯುತ್ತೇನೆ ಎಂದೆ. ಮಧ್ಯಾಹ್ನ ಮನೆಗೂ ಕರೆದುಕೊಂಡು ಹೋದೆ. ಮುಂದೆ ಅವರು ರಾಯಚೂರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಜಾನಕಿ ಚಹ ಮಾಡಿ ಹೊರಗೆ ಕಟ್ಟೆಗೆ ಕಳಿಸುತ್ತಿದ್ದಳು. ಅವರಿಗೆಂದೇ ಒಂದು ಕಪ್ಪು ಇಟ್ಟಿದ್ದಳು, ಹೊರಗಿನ ಗೂಡಿನಲ್ಲಿ. ಅಷ್ಟು ಕಾಳಜಿ ಮಾಡುತ್ತಿದ್ದಳು.

ಫೆಬ್ರುವರಿ ಎಂಟು, ಶನಿವಾರ. ನನ್ನ ಡೈರಿಯ ಆ ದಿನದ ಮೂರು ಸಾಲು ಓದುತ್ತೇನೆ. ‘ಮಾನವಿಗೆ. ಕಲ್ಲೂರಲ್ಲಿ ಬಸ್ಸು ಪಂಕ್ಚರ್, ಎರಡು ತಾಸು. ಮಾಳಿಂಗಪ್ಪನ ಲೇಖನ ಪ್ರಾಣೇಶ ಸರ್ ಕೈಗೆ ಕೊಟ್ಟೆ, ಕನ್ನಡಕ ಹಾಕಿಕೊಂಡು ಅಲ್ಲೇ ನಾಲ್ಕು ಪುಟ ಓದಿದರು. ಅವ್ವ ಹುಳಿಯನ್ನ ಮಾಡಿದ್ದಳು.’

ಒಂದು ವರ್ಷ ಅಭಿಪ್ರಾಯ ಬರಲಿಲ್ಲ. ಮಾಳಿಂಗಪ್ಪನವರು ಎರಡು ಸಲ ಬಂದು ಕೇಳಿದರು. ನಾನು ಪ್ರಾಣೇಶರಾಯರನ್ನು ಕೇಳಿದೆ. “ನೋಡಾಕತ್ತೀನಿ, ಅವಸರ ಮಾಡಿದ್ರ ಸಂಶೋಧನ ಆಗ್ತದೇನೋ?” ಅಂದರು. ಎಪ್ಪತ್ತಾರರ ಏಪ್ರಿಲ್ ಸಂಚಿಕೆಯಲ್ಲಿ ಲೇಖನ ಬಂತು. ನಲವತ್ತೊಂದು ತಂಗುದಾಣ, ಅದೇ ಕ್ರಮ, ಅದೇ ಹೆಸರು. ಮೇಲೆ ಹೆಸರು ಮಾತ್ರ ಪ್ರಾಣೇಶರಾಯರದು.

ಮುಂದಿನ ಸಾಲಿನಲ್ಲಿರುವ ತಂಗಿ ಅಹಲ್ಯಾಬಾಯಿ, ನೀನು ಏಳುತ್ತಿದ್ದೀ. ಕೂಡ್ರವ್ವಾ. ನಿಮ್ಮ ತಂದೆಯವರ ಅನ್ನ ಉಂಡವನು ನಾನು. ಈ ನೌಕರಿ ಕೊಡಿಸಿದವರು ಅವರು. ಜಾನಕಿಗೆ ಆಪರೇಶನ್ ಆದಾಗ ಹೈದರಾಬಾದಿನ ತನಕ ಜೊತೆಗೆ ಬಂದು ಆಸ್ಪತ್ರೆಯ ಬಾಗಿಲಲ್ಲಿ ಮೂರು ದಿನ ಕುಳಿತವರು ಅವರು. ಅದೂ ಡೈರಿಯಲ್ಲಿದೆ. ಅದನ್ನು ಅಳಿಸಿ ಇದನ್ನು ಓದುತ್ತಿಲ್ಲ.

ಆ ಸಂಚಿಕೆ ಕೈಗೆ ಬಂದ ಶನಿವಾರ ನಾನು ಅವರನ್ನು ಕೇಳಿದೆ. ಕೇಳಲಿಲ್ಲವೆಂದು ಯಾರೂ ಅನ್ನಬಾರದು. “ಸರ್, ಇದು ಮಾಳಿಂಗಪ್ಪ ಮಾಸ್ತರದಲ್ಲೇನ್ರಿ?”

ಅವರು ಸಿಟ್ಟಾಗಲಿಲ್ಲ. “ಶೇಷಗಿರಿ, ಅಂವ ತಂದದ್ದು ಬರೀ ಕಲ್ಲು. ಗುಡಿ ಕಟ್ಟಿದಾಂವ ನಾನು. ಕಲ್ಲು ಹೊತ್ತವರ ಹೆಸರು ಯಾವ ಗುಡಿ ಮ್ಯಾಲ ಅದನೋ? ಮುಂದಿನ ಸಂಚಿಕ್ಯಾಗ ಒಂದು ಕೃತಜ್ಞತಾ ಹಾಕೋಣ ಬಿಡು” ಎಂದರು. ಮುಂದಿನ ಸಂಚಿಕೆಯಲ್ಲಿ ಹಾಕಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ.

ಮೇ ತಿಂಗಳಲ್ಲಿ ಮಾಳಿಂಗಪ್ಪನವರ ದೂರು ಬಂತು. ಮೂರು ಪುಟ, ಮಕ್ಕಳಿಗೆ ಕಾಪಿ ಬರೆಸುವಂಥ ದುಂಡಕ್ಷರ. ಒಂದು ಬಿರುನುಡಿ ಇರಲಿಲ್ಲ. ಪೂಜ್ಯರು ಎಂದೇ ಬರೆದಿದ್ದರು. ಸಭಿಕರೇ, ಆ ದೂರನ್ನು ನಮ್ಮ ಮಂಡಳಿ ಹೇಗೆ ನಡೆಸಿತು ಗೊತ್ತೇ? ಮೊದಲು ಐದು ತಿಂಗಳು ಕಪಾಟಿನಲ್ಲಿಟ್ಟಿತು. ಆಮೇಲೆ ಆಗಿನ ಕಾರ್ಯದರ್ಶಿಗಳು ಅದರ ಮೇಲೆ ರೂಢಿಯಂತೆ ಹಸಿರು ಮಸಿಯಲ್ಲಿ ಬರೆದರು: ‘ಶ್ರೀ ಪ್ರಾಣೇಶರಾಯರ ಅಭಿಪ್ರಾಯಕ್ಕಾಗಿ.’

ನೀವು ನಗುತ್ತಿದ್ದೀರಿ. ನಗಬೇಕಾದದ್ದೇ. ಆಗ ಯಾರೂ ನಗಲಿಲ್ಲ. ಯಾರ ಮೇಲೆ ದೂರೋ ಅವರ ಕೈಗೇ ದೂರು ಹೋಯಿತು. ಒಯ್ದವರು ಯಾರು? ಶನಿವಾರ ಊರಿಗೆ ಹೋಗುವವನ ಚೀಲ ಇದ್ದೇ ಇತ್ತಲ್ಲ.

ಮಾಳಿಂಗಪ್ಪನವರು ಬಿಡಲಿಲ್ಲ. ಮತ್ತೆ ಬರೆದರು, ಮತ್ತೆ ಬರೆದರು. ಕೊನೆಗೆ ಎಪ್ಪತ್ತೇಳರ ಜುಲೈಯಲ್ಲಿ ಮೂವರ ವಿಚಾರಣಾ ಸಮಿತಿ ಕೂತಿತು. ಮೂವರಲ್ಲಿ ಇಬ್ಬರು ಈಗಿಲ್ಲ. ಇರುವವರು ಇಂದಿನ ಅಧ್ಯಕ್ಷರು. ಅವರು ಆಗ ಎಲ್ಲರಿಗಿಂತ ಚಿಕ್ಕವರು, ಸಮಿತಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅಧ್ಯಕ್ಷರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಮಾಳಿಂಗಪ್ಪನವರ ಹತ್ತಿರ ಎರಡು ಆಧಾರ ಇದ್ದವು. ಒಂದು, ಹಾಜರಿ ಪುಸ್ತಕದ ಕಚ್ಚಾ ಬರಹ. ಇದನ್ನು ಲೇಖನ ಅಚ್ಚಾದ ಮೇಲೂ ಬರೆದಿರಬಹುದು ಎಂದರು ಸಮಿತಿಯವರು. ಎರಡನೆಯದು ಇಪ್ಪತ್ತೇಳನೆಯ ತಂಗುದಾಣ. ಸಿರವಾರ ದಾಟಿದ ಮೇಲೆ ಒಂದು ಹಳ್ಳದ ದಂಡೆಯಲ್ಲಿ ಮೊಣಕಾಲೆತ್ತರದ ಕಲ್ಲಿದೆ. ಲೇಖನದಲ್ಲಿ ಅದರ ಹೆಸರು ಕೂಸಿನ ಕಲ್ಲು. ಆ ಹೆಸರು ಸುತ್ತಲ ಊರಿನ ಯಾರಿಗೂ ಗೊತ್ತಿಲ್ಲ. ಅದು ಮಾರೆಮ್ಮನ ಮನೆಯ ಹೆಸರು. ಒಂದು ಬೇಸಿಗೆ ಕುರಿಯ ಜೊತೆ ಹೋಗುವಾಗ ಆಕೆಯ ಎಂಟು ತಿಂಗಳ ಹೆಣ್ಣು ಕೂಸು ಅಲ್ಲಿ ತೀರಿಹೋಯಿತು. ಕುರಿ ನಿಲ್ಲುವುದಿಲ್ಲ, ಮುಂದೆ ಹೋಗಲೇಬೇಕು. ಕಲ್ಲಿನ ಬುಡದಲ್ಲಿ ಮಣ್ಣು ಮಾಡಿ ಹೊರಟರು. ಅಂದಿನಿಂದ ಅವರ ಮನೆಯಲ್ಲಿ ಮಾತ್ರ ಅದು ಕೂಸಿನ ಕಲ್ಲು. ತಾಯಿಯ ಬಾಯಿಂದ ಬಂದ ಹೆಸರನ್ನು ಮಗ ಹಾಗೇ ಬರೆದುಬಿಟ್ಟಿದ್ದರು. ಪ್ರಾಣೇಶರಾಯರು ಅದನ್ನು ಹಾಗೇ ಎತ್ತಿಕೊಂಡು, ಕೆಳಗೆ ಒಂದು ಅಡಿಟಿಪ್ಪಣಿ ಸೇರಿಸಿದ್ದರು: ‘ಪ್ರಾಚೀನ ಕಾಲದಲ್ಲಿ ಇಲ್ಲಿ ಶಿಶುಬಲಿ ನಡೆಯುತ್ತಿದ್ದುದನ್ನು ಈ ಹೆಸರು ಸೂಚಿಸುತ್ತದೆ.’

ಮಾರೆಮ್ಮ ವಿಚಾರಣೆಗೆ ಬಂದಿದ್ದಳು. ಬೆಳಿಗ್ಗೆ ಬಂದವಳು ಮೂರು ಗಂಟೆಯ ತನಕ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಕಂಬಳಿ ಹೆಗಲ ಮೇಲಿತ್ತು. ನಾನು ನೀರು ಕೊಟ್ಟೆ.

“ಒಳಗ ಕೋರ್ಟ್ ಅದನಪ್ಪಾ?” ಅಂತ ಕೇಳಿದಳು.

“ಅಲ್ಲವ್ವಾ, ಹಿರೇರು ಕುಂತಾರ.”

“ಹಂಗಾರ ಕೋರ್ಟಿಗಿಂತ ಕಷ್ಟ” ಅಂದಳು.

ಒಳಗೆ ಕರೆದಾಗ ನೆಲದ ಮೇಲೇ ಕುಳಿತಳು. ಸಮಿತಿಯ ಹಿರಿಯರೊಬ್ಬರು ಕೇಳಿದರು, “ಯವ್ವಾ, ಆ ಕಲ್ಲಿಗೆ ಈ ಹೆಸರು ಮೊದಲಿನಿಂದ ಅದ ಏನು?”

“ಮೊದಲೆಲ್ಲಿತ್ರೀ ಯಪ್ಪಾ? ನನ್ನ ಕೂಸು ಸತ್ತ ಮ್ಯಾಲ ಬಂತು. ಇಟ್ಟಾಕಿ ನಾನ.”

“ಅದಕ್ಕ ಸಾಕ್ಷಿ?”

“ಕುರಿ ಇದ್ದವು. ಅವೂ ಸತ್ತು ಹತ್ತಿಪ್ಪತ್ತು ವರ್ಷ ಆತು.” ಮತ್ತೆ ಅವಳೇ ಹೇಳಿದಳು. “ಅಗದು ನೋಡ್ರಿ. ಕೂಸು ಅಲ್ಲೇ ಅದ. ಕೊರಳಾಗ ಕರೀ ದಾರ ಕಟ್ಟಿದ್ದೆ, ಅದರಾಗ ಒಂದು ಬೆಳ್ಳಿ ತಾಯ್ತ. ದಾರ ಹೋಗಿರ್ತದ. ಬೆಳ್ಳಿ ಇದ್ದೀತು.”

 ಮತ್ತೊಬ್ಬರು ಅಚ್ಚಾದ ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು, ಬಲಿ ಎಂಬ ಶಬ್ದ ಬರುವ ಹಾಗೆ. ಮಾರೆಮ್ಮ ಮಗನ ಕಡೆ ತಿರುಗಿದಳು. “ಏನಂತಾರಲೇ? ನನ್ನ ಕೂಸಿಗೆ ಏನಂತಾರ?”

“ಏನಿಲ್ಲವ್ವಾ. ಕಲ್ಲು ಹಳೇದು ಅಂತ ಬರದಾರ” ಎಂದರು ಮಾಳಿಂಗಪ್ಪ.

ಆಮೇಲೆ ಅವರು ಸಮಿತಿಗೆ ಹೇಳಿದರು. “ನನ್ನ ಲೇಖನ ಪ್ರಾಣೇಶರಾಯರಿಗೆ ಮುಟ್ಟೇ ಇಲ್ಲ ಅಂತ ಅವರು ಬರದುಕೊಟ್ಟಾರಲ್ರೀ. ಅದು ಹೋಗಿದ್ದು ಶೇಷಣ್ಣಾರ ಕೈಯಾಗ. ಇಲ್ಲೇ ಅದಾರ. ಅವರನ್ನ ಕೇಳ್ರಿ, ಸಾಕು.”

ಸಾಕು ಎಂದರು. ಅವರಿಗೆ ಅಷ್ಟು ನಂಬಿಕೆ.

ಅಧ್ಯಕ್ಷರೇ, ಆಗ ನೀವು ನನ್ನನ್ನು ಕೇಳಿದಿರಿ. ನಿಮ್ಮ ಮಾತು ನನಗೆ ಅಕ್ಷರಶಃ ನೆನಪಿದೆ. “ಶೇಷಗಿರಿಯವರ, ಆ ಲೇಖನ ಒಯ್ದು ಕೊಟ್ಟಿದ್ದು ನಿಮಗ ನೆನಪದೇನ್ರಿ?”

ನಾನು ಎದ್ದು ಹೋಗಿ ರವಾನೆ ಪುಸ್ತಕ ತಂದೆ. ಎಪ್ಪತ್ತೈದರ ಫೆಬ್ರುವರಿಯ ಹಾಳೆ ತೆಗೆದೆ. ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. “ಪುಸ್ತಕದಾಗ ಇಲ್ಲರೀ” ಅಂದೆ.

ನೀವು ನೆನಪು ಕೇಳಿದ್ದಿರಿ. ನಾನು ಪುಸ್ತಕದ ಮಾತು ಹೇಳಿದೆ. ಅದು ಸುಳ್ಳಾಗಿರಲಿಲ್ಲ, ಪುಸ್ತಕದಲ್ಲಿ ಇರಲಿಲ್ಲ. ನೀವು ಒಂದು ಕ್ಷಣ ನನ್ನನ್ನೇ ನೋಡಿದಿರಿ, ಇನ್ನೊಮ್ಮೆ ಕೇಳುತ್ತೀರೆಂದು ನಾನು ಹೆದರಿದೆ. ಕೇಳಿದ್ದರೆ ಹೇಳುತ್ತಿದ್ದೆನೇ? ಹತ್ತು ವರ್ಷದಿಂದ ಈ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡಿದ್ದೇನೆ. ಹೇಳುತ್ತಿದ್ದೆ ಎಂದುಕೊಂಡ ದಿನಗಳಿವೆ. ಆದರೆ ನಿಮ್ಮ ಪಕ್ಕದವರು ಗಡಿಯಾರ ನೋಡಿದರು, ನೀವು ಕೇಳಲಿಲ್ಲ.

ಮಾಳಿಂಗಪ್ಪನವರು ನನ್ನ ಕಡೆ ನೋಡಲಿಲ್ಲ. ತಾಯಿಯ ಕಂಬಳಿ ಸರಿಮಾಡುತ್ತ ನಿಂತಿದ್ದರು.

ತೀರ್ಪನ್ನು ಶುದ್ಧ ಪ್ರತಿ ಮಾಡಿದವನು ನಾನೇ, ಅಕ್ಷರ ಚೆನ್ನಾಗಿದೆ ಎಂದು. ‘ಆರೋಪಕ್ಕೆ ದಾಖಲೆಯ ಆಧಾರ ಕಂಡುಬಂದಿಲ್ಲ. ಇಬ್ಬರೂ ಒಂದೇ ಸೀಮೆಯಲ್ಲಿ ಕೆಲಸ ಮಾಡಿರುವುದರಿಂದ ಹೋಲಿಕೆ ಸಹಜ. ಹಿರಿಯ ವಿದ್ವಾಂಸರ ಗೌರವಕ್ಕೆ ಧಕ್ಕೆ ತಂದ ಕಾರಣ ದೂರುದಾರರ ಲೇಖನಗಳನ್ನು ಮೂರು ವರ್ಷ ಸ್ವೀಕರಿಸತಕ್ಕದ್ದಲ್ಲ.’ ಇದಕ್ಕೆ ಮಾತ್ರ ಅಂಚೆಚೀಟಿ ಹಚ್ಚಿದೆವು. ರಿಜಿಸ್ಟರ್ ಮಾಡಿಸಿದೆವು. ಪುಸ್ತಕದಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಮನೆಗೆ ಹೋಗಿ ಜಾನಕಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಸುಳ್ಳೇನು ಹೇಳಲಿಲ್ಲಲ್ಲ ನಾನು?” ಅಂದೆ.

“ಇಲ್ಲ” ಅಂದಳು. ಮತ್ತೆ ಮೊರ ಕೆಳಗಿಟ್ಟು, “ನನ್ನ ಕೇಳಬ್ಯಾಡ್ರಿ. ನಾ ಏನು ಸಮಿತಿನ?” ಅಂದಳು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ನೌಕರಿಯ ಭಯ ಎಂದು ಇಲ್ಲಿ ಬರೆದುಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಪ್ರಾಣೇಶರಾಯರು ನನ್ನನ್ನು ತೆಗೆಸುತ್ತಿರಲಿಲ್ಲ, ಅಂಥವರಲ್ಲ. ಆ ಕೋಣೆಯಲ್ಲಿ ಒಂದು ಕಡೆ ನಮ್ಮ ಓಣಿಯವರು, ನಮ್ಮ ಮಠದ ಪಂಕ್ತಿಯಲ್ಲಿ ನನ್ನ ಜೊತೆ ಊಟಕ್ಕೆ ಕೂಡುವವರು ಇದ್ದರು. ಇನ್ನೊಂದು ಕಡೆ ಇದ್ದವರು ನಮ್ಮ ಕಟ್ಟೆಯ ಮೇಲೆ ಕುಳಿತು ಚಹ ಕುಡಿಯುವವರು. ನಾನು ಯೋಚನೆಯನ್ನೇ ಮಾಡಲಿಲ್ಲ, ಅಧ್ಯಕ್ಷರೇ. ಕಾಲು ತಾವಾಗಿ ಪುಸ್ತಕದ ಕಡೆ ನಡೆದವು. ಯೋಚನೆ ಮಾಡಿ ತಪ್ಪು ಮಾಡಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ಮೇಲೆ ಮಾಳಿಂಗಪ್ಪನವರು ನಮ್ಮ ಮನೆಗೆ ಬರಲಿಲ್ಲ. ನಾಲ್ಕು ವರ್ಷದ ನಂತರ ಸಿರವಾರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಸೀಮೆಸುಣ್ಣದ ಡಬ್ಬಿ ಕಂಕುಳಲ್ಲಿತ್ತು. ನಾನು ಕಂಬದ ಹಿಂದೆ ಸರಿಯುತ್ತಿದ್ದೆ, ಅವರೇ ಕೂಗಿದರು.

“ಶೇಷಣ್ಣಾರ, ಆರಾಮದೀರ್ಯಾ? ಅಕ್ಕಾರು ಹೆಂಗದಾರ?”

“ಆರಾಮ್ರಿ. ಏನಾರ ಬರಿಯಾಕತ್ತೀರೇನ್ರಿ ಮಾಸ್ತರ?”

“ಬರೀತೀನ್ರಿ, ದಿನಾ ಬರೀತೀನಿ. ಹಾಜರಿ. ಕೆಳಗ ನನ್ನ ಸಹೀನ ಇರ್ತದ. ಅದನ್ನ ಯಾರು ಬ್ಯಾಡಂತಾರ?” ಎಂದು ಕಣ್ಣು ಮುಚ್ಚಿ ನಕ್ಕರು. ಬಸ್ಸು ಬಂತು. ನನಗೆ ಕಿಟಕಿಯ ಹತ್ತಿರ ಜಾಗ ಹಿಡಿದುಕೊಟ್ಟು ಕೆಳಗಿಳಿದರು. ಅವರ ಬಸ್ಸು ಬೇರೆ.

ಎಂಬತ್ತೆರಡರಲ್ಲಿ ಕಾಮಾಲೆಯಾಗಿ ದೇವದುರ್ಗದಲ್ಲಿ ತೀರಿಕೊಂಡರು. ನಲವತ್ತೆರಡು ವರ್ಷ. ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ. ನಮ್ಮ ಪತ್ರಿಕೆಯಲ್ಲಿ ಎರಡು ಸಾಲು ಹಾಕೋಣವೇ ಎಂದು ಕೇಳಿದೆ. ಮಾಳಿಂಗಪ್ಪ ನಮ್ಮ ಲೇಖಕರೇ ಎಂದು ಆಗಿನ ಕಾರ್ಯದರ್ಶಿಗಳು ಕೇಳಿದರು. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಅವರ ಹೆಸರಿನ ಒಂದು ಲೇಖನವೂ ಅಚ್ಚಾಗಿರಲಿಲ್ಲ.

ಪ್ರಾಣೇಶರಾಯರು ಎಂಬತ್ತನಾಲ್ಕರಲ್ಲಿ ಹೋದರು. ಅವರಿಗೆ ನಾವು ವಿಶೇಷ ಸಂಚಿಕೆ ತಂದೆವು.

ಸಭಿಕರೇ, ನಿಮ್ಮನ್ನು ಬಹಳ ಕೂಡ್ರಿಸಿದೆ. ಇನ್ನು ಮೇಜಿನ ಮೇಲಿನ ಕಟ್ಟಿನ ಮಾತು. ಕೆಂಪು ರಿಬ್ಬನ್ನಿನ ಆ ಕಟ್ಟಿನಲ್ಲಿ ಮಂಡಳಿಯ ಇಪ್ಪತ್ತೈದು ವರ್ಷದ ಆಯ್ದ ಲೇಖನಗಳ ಪುಸ್ತಕವಿದೆ. ಅದರಲ್ಲಿ ಕುರಿಗಾರರ ದಾರಿಯ ಲೇಖನವೂ ಆಯ್ಕೆಯಾಗಿದೆ. ಆಗಲೇಬೇಕು, ಅಷ್ಟು ಒಳ್ಳೆಯ ಲೇಖನ. ಸಂಪಾದಕರು ಕೊನೆಯ ಕರಡು ನೋಡಿ ಸಹಿ ಹಾಕಿ ಕೊಟ್ಟರು. ಅದರಲ್ಲಿ ಪ್ರಾಣೇಶರಾಯರ ಹೆಸರೇ ಇತ್ತು. ಈ ಪುಸ್ತಕ ಗ್ರಂಥಾಲಯಗಳಿಗೆ ಹೋಗುತ್ತದೆ. ನಾನು ಸತ್ತ ಮೇಲೆ ಆ ಲೇಖನ ಯಾರದೆಂದು ಬಲ್ಲವರು ಉಳಿಯುವುದು ಅರಕೇರಾದಲ್ಲಿ ಒಬ್ಬ ಮುದುಕಿ. ಅವಳಿಗೆ ಓದಲು ಬರುವುದಿಲ್ಲ.

ಕರಡನ್ನು ಮುದ್ರಣಾಲಯಕ್ಕೆ ಒಯ್ದವನು ನಾನು. ಈಗಲೂ ಕೈಯಲ್ಲೇ ಒಯ್ಯುವುದು. ಅಲ್ಲಿ ಸತ್ತಾರ್ ಸಾಬರ ಮುಂದೆ ಕುಳಿತು ಆ ಹೆಸರು ಹೊಡೆದು, ‘ಮಾಳಿಂಗಪ್ಪ, ಅರಕೇರಾ’ ಎಂದು ಬರೆದೆ. ಇಪ್ಪತ್ತೇಳನೆಯ ಜಾಗದ ಅಡಿಟಿಪ್ಪಣಿ ಹೊಡೆದುಹಾಕಿದೆ. ಬೇರೆ ಯಾವ ಅಕ್ಷರವನ್ನೂ ಮುಟ್ಟಿಲ್ಲ. ಸಂಪಾದಕರ ಅಪ್ಪಣೆಯಾಗಿದೆ ಎಂದು ಸತ್ತಾರ್ ಸಾಬರಿಗೆ ಹೇಳಿದೆ. ಅದು ಸುಳ್ಳು. ಅಪ್ಪಣೆ ಯಾರೂ ಕೊಟ್ಟಿಲ್ಲ.

“ಅಪ್ಪಣಿ ಕಾಗದದಾಗ ಅದನೋ, ನಿಮ್ಮ ದಿಲ್‌ನಾಗ ಅದನೋ ಸಾಬ್?” ಅಂದರು ಅವರು.

“ನೀವು ಅಚ್ಚಿನ ಮೊಳೆ ಜೋಡಸ್ರಿ” ಅಂದೆ.

“ಜೋಡಿಸೇನಿ. ಐವತ್ತು ವರ್ಷದಾಗ ಮೊದಲಬಾರಿ ಕರಡು ತಿದ್ದಿದ್ದು ಖರೇ ತಿದ್ದಿದಂಗ ಕಾಣಾಕತ್ತದ” ಅಂದರು.

ಈ ಮಾತು ನಾನು ಹೇಳಬಾರದಿತ್ತು. ಸತ್ತಾರ್ ಸಾಬರಿಗೆ ಏನೂ ಗೊತ್ತಿರಲಿಲ್ಲ. ಸಭೆಯವರು ಹಾಗೆ ತಿಳಿಯಬೇಕು.

ಹೀಗೆ ಐನೂರು ಪ್ರತಿ ಅಚ್ಚಾಗಿವೆ. ನೂರಾ ಹನ್ನೆರಡನೆಯ ಪುಟ.

ಹೋದ ಭಾನುವಾರ ಒಂದು ಪ್ರತಿ ತೆಗೆದುಕೊಂಡು ಅರಕೇರಾಕ್ಕೆ ಹೋಗಿದ್ದೆ. ಮಾರೆಮ್ಮ ಈಗ ಕುರಿಯ ಹಿಂದೆ ಹೋಗುವುದಿಲ್ಲ. ಮನೆಯ ಮುಂದೆ ಉಣ್ಣೆ ಹಿಂಜುತ್ತ ಕುಳಿತಿದ್ದಳು. ಹೆಸರಿನ ಮೇಲೆ ಅವಳ ಬೆರಳು ಇಟ್ಟು ತೋರಿಸಿದೆ.

“ಇಷ್ಟ ಸಣ್ಣದೇನಪ್ಪಾ? ಇದಕ್ಕ ಇಷ್ಟು ವರ್ಷ ಬೇಕಾತೇನು?” ಅಂದಳು.

ನಾನು ಪೂರ್ತಿ ಲೇಖನ ಓದಿದೆ. ನಲವತ್ತೊಂದು ಜಾಗ. ಒಂದೆರಡು ಕಡೆ ತಿದ್ದಿದಳು, ಬಾವಿ ಎಡಕ್ಕಲ್ಲ, ಬಲಕ್ಕೆ ಎಂದಳು. ಇಪ್ಪತ್ತೇಳರಲ್ಲಿ ಏನೂ ತಿದ್ದಲಿಲ್ಲ. ಆಮೇಲೆ ನನ್ನ ಹೆಂಡತಿಯ ಬಗ್ಗೆ ಕೇಳಿದಳು. ಇಲ್ಲ ಎಂದೆ.

“ಅಯ್ಯ. ಆಕಿ ಚಾ ಭಾಳ ಛಲೋ ಮಾಡ್ತಾಳಂತ ನನ್ನ ಮಗ ಹೇಳ್ತಿದ್ದ. ಕುಡದು, ಕಪ್ಪು ತೊಳದು, ಗೂಡಿನ್ಯಾಗ ಬೋರಲ ಹಾಕಿ ಬರ್ತಿದ್ನಂತ.”

ಅವಳು ಚುಚ್ಚಿ ಹೇಳಲಿಲ್ಲ, ಸಭಿಕರೇ. ನೆನಪು ಹೇಳಿದಳು, ಅಷ್ಟೇ. ಕಪ್ಪನ್ನು ಅವರೇ ತೊಳೆದಿಡುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಆದರೆ ಹೊರಗಿನ ಗೂಡಿನಲ್ಲಿ ಬೇರೆ ಕಪ್ಪು ಇಟ್ಟದ್ದನ್ನು ಕಾಳಜಿಯೆಂದೇ ಈ ಭಾಷಣದಲ್ಲಿ ಬರೆದಿದ್ದೆ, ಓದಿಯೂ ಬಿಟ್ಟೆ.

ಇವತ್ತಿನ ಸಭೆಗೆ ಬಾ ಎಂದು ಕರೆದೆ. “ಒಮ್ಮೆ ಬಂದಿದ್ನಲ್ಲಪ್ಪಾ, ಸಾಕು” ಅಂದಳು.

ಅಧ್ಯಕ್ಷರೇ, ನಾನು ಮಾಡಿದ್ದು ತಪ್ಪು. ಸಹಿಯಾದ ಕರಡು ತಿದ್ದುವ ಅಧಿಕಾರ ಗುಮಾಸ್ತನಿಗಿಲ್ಲ. ನನ್ನ ಮೇಲೆ ದೂರು ಆಗಬೇಕು, ಆಗಲಿ. ಸಂಪಾದಕರು ಕೊಡಬಹುದು, ಪ್ರಾಣೇಶರಾಯರ ಮನೆಯವರು ಕೊಡಬಹುದು. ಅನುಭವಸ್ಥನಾಗಿ ಒಂದು ಮಾತು ಹೇಳುತ್ತೇನೆ. ಎರಡು ಪ್ರತಿ ಬರೆಯಿರಿ. ಒಂದಕ್ಕೆ ಮುಟ್ಟಿದ ಬಗ್ಗೆ ಸಹಿ ತೆಗೆದುಕೊಳ್ಳಿ. ಯಾರ ಮೇಲೆ ದೂರೋ ಅವರ ಅಭಿಪ್ರಾಯಕ್ಕೆ ಕಳಿಸಬೇಡಿ. ಊರಿಗೆ ಹೋಗುವವರ ಕೈಯಲ್ಲಿ ಕೊಡಬೇಡಿ, ಅಂಚೆಗೆ ಹಾಕಿ.

ಈಗ ಅತಿಥಿಗಳು ಕಟ್ಟು ಬಿಚ್ಚಬಹುದು. ಬೇಡವೆಂದು ಅಧ್ಯಕ್ಷರು ತೀರ್ಮಾನಿಸಿದರೆ ಹಾಗೇ ಕಪಾಟಿಗೆ ಹೋಗಲಿ, ಬೀಗದ ಕೈ ಇಲ್ಲಿದೆ, ಮೇಜಿನ ಮೇಲೆ ಇಡುತ್ತಿದ್ದೇನೆ. ಮಂಡಳಿಯ ಹತ್ತಿರ ಇರುವುದು ನಾನೂರ ತೊಂಬತ್ತೊಂಬತ್ತು. ಅರಕೇರಾದ ಪ್ರತಿಯನ್ನು ವಾಪಸು ತರಲು ಮಂಡಳಿ ಬೇರೆ ಯಾರನ್ನಾದರೂ ಕಳಿಸಬೇಕು. ನಾನು ನಿವೃತ್ತನಾಗಿದ್ದೇನೆ.

ಮತ್ತೆ ಸಮಿತಿ ಕೂತರೆ ನನ್ನನ್ನು ಕರೆಯಿರಿ, ಅಧ್ಯಕ್ಷರೇ. ಮೆಟ್ಟಿಲ ಮೇಲೆ ಕಾಯುತ್ತೇನೆ. ಹತ್ತು ವರ್ಷದ ಹಿಂದಿನ ಅದೇ ಪ್ರಶ್ನೆಯನ್ನು ನೀವು ಅದೇ ಶಬ್ದಗಳಲ್ಲಿ ಕೇಳಬೇಕು. ನಾನು ಪುಸ್ತಕ ತರಲು ಏಳುವುದಿಲ್ಲ. ನೆನಪಿದೆ ಎನ್ನುತ್ತೇನೆ.

ಇಷ್ಟು ಹೊತ್ತು ಯಾರೂ ನನ್ನನ್ನು ತಡೆಯಲಿಲ್ಲ. ಅಹಲ್ಯಾಬಾಯಿ, ನೀನು ಎದ್ದು ಹೋಗಲಿಲ್ಲ. ಅದಕ್ಕೆ ನಿಮ್ಮೆಲ್ಲರಿಗೂ ಕೃತಜ್ಞ. ನಮಸ್ಕಾರ.